ರಿಯಲಾಕ್‌ಗೆ ಸೊನ್ನೆ ಕೊಟ್ಟರೆ ಏನಾಗಬೇಕು? ಮ್ಯಾಕ್‌ನಲ್ಲಿ ಸರಿ, ಲಿನಕ್ಸ್‌ನಲ್ಲಿ ಕ್ರ್ಯಾಶ್

ಹೀಪ್_ಹುಡುಕಾಟ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತಲೆ ತಿನ್ನುತ್ತಿದೆ, ಗೊತ್ತಿರುವವರು ಬಿಡಿಸಿ ಹೇಳಿ.

ಕೆಲಸದಲ್ಲಿ ಒಂದು ಹಳೇ ಸಿ ಕೋಡ್ ನನ್ನ ಕೈಗೆ ಬಂದಿದೆ. ಕನೆಕ್ಷನ್‌ಗಳ ಪಟ್ಟಿ ಒಂದು ಅರೇಯಲ್ಲಿದೆ. ಯಾರಾದರೂ ಬಿಟ್ಟು ಹೋದರೆ ರಿಯಲಾಕ್ (ಪಡೆದ ಮೆಮೊರಿಯ ಸೈಜ್ ಬದಲಿಸುವ ಫಂಕ್ಷನ್) ಕರೆದು ಅರೇಯನ್ನು ಚಿಕ್ಕದು ಮಾಡುತ್ತದೆ. ಫಲಿತಾಂಶ ಬೇರೆ ಪಾಯಿಂಟರ್‌ಗೆ ಹೋಗುತ್ತದೆ. ಅದು ನಲ್ (ಎಲ್ಲಿಗೂ ತೋರಿಸದ ಪಾಯಿಂಟರ್) ಆಗಿದ್ದರೆ "ಮೆಮೊರಿ ಸಿಗಲಿಲ್ಲ" ಅಂತ ಲಾಗ್ ಬರೆದು, ಹಳೇ ಪಾಯಿಂಟರನ್ನು ಫ್ರೀ ಮಾಡಿ, ಅಂದರೆ ಆ ಮೆಮೊರಿಯನ್ನು ವಾಪಸ್ ಕೊಟ್ಟು, ಹೊರಗೆ ಬರುತ್ತದೆ. ಪಾಠದಲ್ಲಿ ಹೇಳಿಕೊಡುವುದೂ ಹೀಗೇ ಅಲ್ವಾ?

ನನ್ನ ಮ್ಯಾಕ್‌ನಲ್ಲಿ ಎಷ್ಟು ಓಡಿಸಿದರೂ ಏನೂ ಆಗುವುದಿಲ್ಲ. ಲಿನಕ್ಸ್ ಸರ್ವರ್‌ನಲ್ಲಿ ಕೊನೆಯ ಕನೆಕ್ಷನ್ ಹೋದ ತಕ್ಷಣ "ಡಬಲ್ ಫ್ರೀ ಡಿಟೆಕ್ಟೆಡ್ ಇನ್ ಟಿಕ್ಯಾಷ್ 2" ಅಂತ ಬರೆದು ಸಾಯುತ್ತದೆ. ಮೆಮೊರಿ ಬೇಕಾದಷ್ಟು ಖಾಲಿ ಇದೆ. ಆದರೂ ಲಾಗ್‌ನಲ್ಲಿ "ಮೆಮೊರಿ ಸಿಗಲಿಲ್ಲ" ಅಂತಲೇ ಇದೆ. ಇದು ಯಾರ ತಪ್ಪು? ಕೋಡಿನದಾ, ಲೈಬ್ರರಿಯದಾ?

ತುಂಗೆತೀರ:
ಕೊನೆಯವರು ಹೋದಾಗ ಎಣಿಕೆ ಸೊನ್ನೆ. ಸೊನ್ನೆ ಗುಣಿಸು ಸೈಜ್‌ಆಫ್ (ಒಂದು ಅಂಶದ ಬೈಟ್‌ಗಳು) ಅಂದರೆ ಸೊನ್ನೆ. ರಿಯಲಾಕ್‌ಗೆ ಸೊನ್ನೆ ಹೋಗುತ್ತಿದೆ, ಅಷ್ಟೇ.

ಸಾಲು_ಸಂಖ್ಯೆ:
ಮೇಲಿನವರು ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ, ನಲ್ ಅಲ್ಲದ ಪಾಯಿಂಟರ್ ಜೊತೆ ಸೊನ್ನೆ ಕೊಟ್ಟರೆ ರಿಯಲಾಕ್ ಆ ಪಾಯಿಂಟರನ್ನು ಫ್ರೀ ಮಾಡಿ ನಲ್ ಕೊಡುತ್ತದೆ. ಅಲ್ಲಿ ನಲ್ ಅಂದರೆ "ಸೋತೆ" ಅಂತಲ್ಲ, "ಬಿಟ್ಟುಬಿಟ್ಟೆ" ಅಂತ. ನಿಮ್ಮ ಕೋಡ್ ಅದನ್ನು ಸೋಲು ಅಂದುಕೊಂಡು ಅದೇ ಪಾಯಿಂಟರನ್ನು ಇನ್ನೊಮ್ಮೆ ಫ್ರೀ ಮಾಡುತ್ತದೆ. ಮ್ಯಾಕ್‌ನಲ್ಲಿ ನಿಯಮ ಬೇರೆ. ಹಳೆಯದನ್ನು ಫ್ರೀ ಮಾಡಿ, ಅತಿ ಚಿಕ್ಕ ಹೊಸ ತುಂಡೊಂದನ್ನು ಕೊಡುತ್ತದೆ. ನಲ್ ಬರುವುದೇ ಇಲ್ಲ, ಹಾಗಾಗಿ ಆ ಇಫ್ ಒಳಗೆ ಹೋಗುವುದೇ ಇಲ್ಲ.

ಫ್ರೀಬಿಎಸ್‌ಡಿಯೂ ಮ್ಯಾಕ್ ಥರವೇ. ಆಲ್ಪೈನ್ ಲಿನಕ್ಸ್‌ನಲ್ಲಿರುವ ಮಸಲ್ ಲೈಬ್ರರಿಯೂ ಹಾಗೇ. ವಿಂಡೋಸ್‌ನ ಲೈಬ್ರರಿ ಜಿಲಿಬ್‌ಸಿ ಥರ, ಫ್ರೀ ಮಾಡಿ ನಲ್ ಕೊಡುತ್ತದೆ. ಅಂದರೆ ನಿಮ್ಮದೇ ಕೋಡನ್ನು ಉಬುಂಟು ಕಂಟೇನರ್‌ನಿಂದ ಆಲ್ಪೈನ್ ಕಂಟೇನರ್‌ಗೆ ಹಾಕಿದರೆ ಬಗ್ ಮಾಯವಾಗುತ್ತದೆ. ವಾಪಸ್ ತಂದರೆ ಮತ್ತೆ ಬರುತ್ತದೆ.

ಬಿಟ್_ಬಿಡಾರ:
ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಬೇರೆ ಪಾಯಿಂಟರ್ ಯಾಕೆ ಬೇಕು, ಸುಮ್ನೆ ಅದೇ ಪಾಯಿಂಟರ್‌ಗೆ ರಿಯಲಾಕ್ ಫಲಿತಾಂಶ ಹಾಕಿಬಿಡಿ. ಆಮೇಲೆ ನಲ್ ಅನ್ನು ಫ್ರೀ ಮಾಡಿದರೂ ಏನೂ ಆಗುವುದಿಲ್ಲ.

ಸಾಲು_ಸಂಖ್ಯೆ:
@ಬಿಟ್_ಬಿಡಾರ ಬೇಡ, ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ನಲ್ ಫ್ರೀ ಮಾಡಿದರೆ ಏನೂ ಆಗುವುದಿಲ್ಲ ಅನ್ನುವುದು ನಿಜ, ಸಿ ಭಾಷೆಯ 1989ರ ಸ್ಟ್ಯಾಂಡರ್ಡ್‌ನಿಂದಲೂ ಅದು ಇದೆ. ಆದರೆ ರಿಯಲಾಕ್ ನಿಜವಾಗಿ ಸೋತಾಗ ಹಳೇ ತುಂಡು ಹಾಗೇ ಇರುತ್ತದೆ. ಅದರ ವಿಳಾಸ ಇದ್ದ ಒಂದೇ ಜಾಗದ ಮೇಲೆ ನೀವು ನಲ್ ಬರೆದುಬಿಟ್ಟಿರಿ. ಆ ಮೆಮೊರಿ ಲೀಕ್ ಆಯಿತು, ಒಳಗಿದ್ದ ಡೇಟಾ ಕೂಡ ಹೋಯಿತು. ಒಂದು ಬಗ್ ಮುಚ್ಚಲು ಇನ್ನೊಂದು ತರುವುದು ಯಾಕೆ?

ಹಳೇ_ಯುನಿಕ್ಸ್:
ಯಾರ ತಪ್ಪು ಅಂತ ಕೇಳಿದಿರಲ್ಲ, ಇದರ ಕಥೆ ಉದ್ದ ಇದೆ.

1989ರ ಸ್ಟ್ಯಾಂಡರ್ಡ್‌ನಲ್ಲಿ ಸೈಜ್ ಸೊನ್ನೆ ಇದ್ದು ಪಾಯಿಂಟರ್ ನಲ್ ಅಲ್ಲದಿದ್ದರೆ ಆ ತುಂಡನ್ನು ಫ್ರೀ ಮಾಡಬೇಕು ಅಂತ ನೇರವಾಗಿ ಬರೆದಿತ್ತು. ಜಿಲಿಬ್‌ಸಿ ಇವತ್ತಿಗೂ ಅದನ್ನೇ ಮಾಡುತ್ತಿದೆ. ಸ್ಟ್ಯಾಂಡರ್ಡ್‌ನ ಆಮೇಲಿನ ಆವೃತ್ತಿ ಸಿ99 ಬಂದಾಗ ಆ ವಾಕ್ಯ ಹೋಯಿತು. ಆಮೇಲೆ ಒಬ್ಬೊಬ್ಬರು ಒಂದೊಂದು ಥರ ಓದಿಕೊಂಡರು. ಕೆಲವರು ಫ್ರೀ ಮಾಡಿ ನಲ್ ಕೊಟ್ಟರು. ಕೆಲವರು ಚಿಕ್ಕ ತುಂಡು ಕೊಟ್ಟರು. ಫ್ರೀ ಮಾಡದೆ ನಲ್ ಕೊಡುವುದಕ್ಕೂ ದಾರಿ ಇತ್ತು. ನಲ್ ಕೊಡುವ ಆ ಎರಡು ಥರಗಳಲ್ಲಿ ಯಾವುದು ಅಂತ ಹೊರಗಿನಿಂದ ನೋಡಿ ಗುರುತಿಸಲು ಆಗುವುದಿಲ್ಲ, ಅದೇ ದೊಡ್ಡ ತೊಂದರೆ. ನಲ್ ಬಂತು, ಈಗ ಹಳೇ ಪಾಯಿಂಟರ್ ನಿಮ್ಮದಾ ಅಲ್ವಾ? ಫ್ರೀ ಮಾಡಿದರೆ ಒಂದು ಕಡೆ ಡಬಲ್ ಫ್ರೀ, ಮಾಡದಿದ್ದರೆ ಇನ್ನೊಂದು ಕಡೆ ಲೀಕ್. ಸಿ17ರಲ್ಲಿ ಇದನ್ನು ಲೈಬ್ರರಿಗೆ ಬಿಟ್ಟ ವಿಷಯ ಅಂತ ಮಾಡಿ, ಈ ಬಳಕೆಯೇ ಹಳತಾಯಿತು ಅಂತ ಗುರುತು ಹಾಕಿದರು. ಸಿ23ರಲ್ಲಿ ಪೂರ್ತಿ ಅನ್‌ಡಿಫೈನ್ಡ್ ಬಿಹೇವಿಯರ್ (ಏನು ಬೇಕಾದರೂ ಆಗಬಹುದು) ಮಾಡಿಬಿಟ್ಟರು.

ಹಾಗಾಗಿ ಇವತ್ತಿನ ಲೆಕ್ಕದಲ್ಲಿ ತಪ್ಪು ಕೋಡಿನದು. ಆದರೆ ಆ ಕೋಡ್ ಬರೆದ ಕಾಲದಲ್ಲಿ ಅದು ತಪ್ಪಾಗಿತ್ತಾ ಅಂತ ಕೇಳಿದರೆ, ನಾನು ಸ್ಟ್ಯಾಂಡರ್ಡ್ ಬರೆದವರ ಕಡೆಗೇ ಬೆರಳು ತೋರಿಸುತ್ತೇನೆ. ಇದ್ದ ಒಂದು ಸ್ಪಷ್ಟ ವಾಕ್ಯವನ್ನು ತೆಗೆದು ಗೊಂದಲ ಮಾಡಿದ್ದು ಅವರು.

ತುಂಗೆತೀರ:
ಅನ್‌ಡಿಫೈನ್ಡ್ ಮಾಡಿದ್ದು ನನಗಂತೂ ಇಷ್ಟವಾಗಲಿಲ್ಲ. ಲಕ್ಷಾಂತರ ಸಾಲು ಹಳೇ ಕೋಡ್ ಇದರ ಮೇಲೆ ನಿಂತಿದೆ. ಎರಡರಲ್ಲಿ ಒಂದು ಆರಿಸಿ "ಇನ್ನು ಮೇಲೆ ಇದೇ" ಅಂದಿದ್ದರೆ ಮುಗಿಯುತ್ತಿತ್ತು.

ಹಳೇ_ಯುನಿಕ್ಸ್:
ಆರಿಸಿದ್ದರೆ ಇನ್ನೊಂದು ಅರ್ಧದವರ ಕೋಡ್ ಒಡೆಯುತ್ತಿತ್ತು. ಆದರೂ ನಿಮ್ಮ ಮಾತು ಒಪ್ಪುತ್ತೇನೆ. ಒಡೆದರೂ ಒಂದೇ ಸಲ ಒಡೆಯುತ್ತಿತ್ತು.

ಕೀಲಿಮಣೆ_ಕಾವಲು:
ಇದು ಬರೀ ಕ್ರ್ಯಾಶ್ ವಿಷಯ ಅಂದುಕೊಳ್ಳಬೇಡಿ. 2019ರಲ್ಲಿ ಆಂಡ್ರಾಯ್ಡ್ ವಾಟ್ಸಾಪ್‌ನಲ್ಲಿ ಹೊರಗೆ ಬಂದ ತೂತು ಇದೇ ಜಾತಿಯದು. ತೂತುಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2019-11932, ಹುಡುಕಿ.

ಜಿಫ್ ಚಿತ್ರ ತೋರಿಸಲು ಬಳಸುತ್ತಿದ್ದ ಒಂದು ಓಪನ್ ಸೋರ್ಸ್ ಲೈಬ್ರರಿ ಇತ್ತು. ಜಿಫ್‌ನ ಪ್ರತಿ ಫ್ರೇಮ್‌ಗೂ ಅಗಲ, ಎತ್ತರ ಬೇರೆ ಇರಬಹುದು. ಬದಲಾದಾಗ ಬಫರ್ ಸೈಜ್ ಬದಲಿಸಲು ರಿಯಲಾಕ್‌ಅರೇ (ಎಣಿಕೆ, ಅಂಶದ ಸೈಜ್ ಎರಡನ್ನೂ ಬೇರೆ ಬೇರೆ ಕೊಡುವ ರಿಯಲಾಕ್) ಕರೆಯುತ್ತಿತ್ತು. ದಾಳಿ ಮಾಡುವವರು ಮೊದಲ ಫ್ರೇಮ್ ಸರಿಯಾದ ಸೈಜಿನಲ್ಲಿ ಇಟ್ಟು, ಮುಂದಿನ ಎರಡು ಫ್ರೇಮ್‌ಗಳ ಸೈಜ್ ಸೊನ್ನೆ ಮಾಡಬಹುದಿತ್ತು. ಮೊದಲ ಸೊನ್ನೆಗೆ ಬಫರ್ ಫ್ರೀ ಆಯಿತು. ಎರಡನೇ ಸೊನ್ನೆಗೆ ಅದೇ ಬಫರ್ ಮತ್ತೆ ಫ್ರೀ ಆಯಿತು. ಆಮೇಲೆ ಅದೇ ಸೈಜಿನ ಮೆಮೊರಿ ಎರಡು ಸಲ ಕೇಳಿದರೆ ಎರಡೂ ಸಲ ಒಂದೇ ವಿಳಾಸ ಸಿಗುತ್ತದೆ. ಒಂದು ಕಡೆ ಪ್ರೋಗ್ರಾಮಿನ ಸ್ವಂತ ಮಾಹಿತಿ, ಅದೇ ಜಾಗದಲ್ಲಿ ದಾಳಿಕೋರರ ಚಿತ್ರದ ಬೈಟ್‌ಗಳು. ಫಂಕ್ಷನ್ ಪಾಯಿಂಟರ್ ಮೇಲೆ ತಮಗೆ ಬೇಕಾದ್ದನ್ನು ಬರೆಯಲು ಅಷ್ಟು ಸಾಕು. ಗ್ಯಾಲರಿ ತೆರೆದರೆ ಮುಗಿಯಿತು. 2.19.244 ಆವೃತ್ತಿಯಲ್ಲಿ ಸರಿ ಮಾಡಿದರು.

ಹೀಪ್_ಹುಡುಕಾಟ ಅವರೇ, ನಿಮ್ಮ ಸರ್ವರ್ ಸತ್ತಿದ್ದು ಒಳ್ಳೆಯದೇ ಆಯಿತು. ಜಿಲಿಬ್‌ಸಿಯ ಟಿಕ್ಯಾಷ್‌ನಲ್ಲಿ (ಫ್ರೀ ಆದ ಚಿಕ್ಕ ತುಂಡುಗಳನ್ನು ಮತ್ತೆ ಕೊಡಲು ಇಟ್ಟುಕೊಳ್ಳುವ ಪಟ್ಟಿ) ಆ ಡಬಲ್ ಫ್ರೀ ಚೆಕ್ ಸೇರಿದ್ದು 2.29ರಲ್ಲಿ. ಅದಕ್ಕೆ ಮೊದಲಿನ 2.26ರಿಂದ 2.28ರವರೆಗಿನ ಆವೃತ್ತಿಗಳಲ್ಲಿ ಆಗಿದ್ದರೆ ಏನೂ ಹೇಳದೆ ಮುಂದೆ ಹೋಗುತ್ತಿತ್ತು.

ಹೀಪ್_ಹುಡುಕಾಟ:
ಅಬ್ಬಾ. ಕನೆಕ್ಷನ್ ಯಾವಾಗ ಬಿಡಬೇಕು ಅನ್ನುವುದು ಹೊರಗಿನವರ ಕೈಯಲ್ಲೇ ಇದೆ ನಮ್ಮಲ್ಲಿ. ಹಾಗಾದರೆ ಇದು ತುರ್ತು. ಸರಿಯಾದ ಕೋಡ್ ಹೇಗಿರಬೇಕು?

ಸಾಲು_ಸಂಖ್ಯೆ:
ರಿಯಲಾಕ್ ಕಣ್ಣಿಗೆ ಸೊನ್ನೆ ಬೀಳಲೇಬಾರದು. ಅದಕ್ಕೂ ಮೊದಲೇ ನೀವು ತೀರ್ಮಾನ ಮಾಡಿ. ಎಣಿಕೆ ಸೊನ್ನೆಯಾದರೆ ಫ್ರೀ ಕರೆಯಿರಿ, ಪಾಯಿಂಟರನ್ನು ನಲ್ ಮಾಡಿ, ಸಾಮರ್ಥ್ಯ ಸೊನ್ನೆ ಅಂತ ಬರೆಯಿರಿ, ಯಶಸ್ಸು ಅಂತ ಹೇಳಿ ವಾಪಸ್ ಬನ್ನಿ. ಉಳಿದ ದಾರಿಯಲ್ಲಿ ನಲ್ ಬಂದರೆ ಅದು ನಿಜವಾದ ಸೋಲೇ. ಇನ್ನೂ ಒಂದು ಮಾತು: ಚಿಕ್ಕದು ಮಾಡಲು ಹೋಗಿ ಸೋತರೆ ಹಳೇ ಅರೇ ಯಾಕೆ ಫ್ರೀ ಮಾಡುತ್ತೀರಿ? ಅದು ಇನ್ನೂ ಚೆನ್ನಾಗೇ ಇದೆ, ಸ್ವಲ್ಪ ದೊಡ್ಡದಿದೆ ಅಷ್ಟೇ. ಅದನ್ನೇ ಇಟ್ಟುಕೊಂಡು ಮುಂದೆ ಹೋಗಿ.

ಮಲೆನಾಡ_ಕೋಡು:
ಅಥವಾ ಯಾವಾಗಲೂ ಒಂದು ಬೈಟ್ ಜಾಸ್ತಿ ಕೇಳಿ. ಸೊನ್ನೆಯ ಪ್ರಶ್ನೆಯೇ ಬರುವುದಿಲ್ಲ.

ಸಾಲು_ಸಂಖ್ಯೆ:
ಅದೂ ಆಗುತ್ತದೆ. ಆದರೆ ಸೈಜ್ ಮೊದಲೇ ಗರಿಷ್ಠದಲ್ಲಿದ್ದರೆ ಒಂದು ಕೂಡಿಸಿದಾಗ ಸುತ್ತಿಕೊಂಡು ಮತ್ತೆ ಸೊನ್ನೆಯೇ ಆಗುತ್ತದೆ. ಸೊನ್ನೆ ಇದ್ದಾಗ ಮಾತ್ರ ಒಂದು ಮಾಡಿ.

ಸಿ_ಕಲಿಯುತ್ತಿರುವೆ:
ಮಧ್ಯದಲ್ಲಿ ಬಂದಿದ್ದಕ್ಕೆ ಕ್ಷಮಿಸಿ. ಹೊಸ ಮೆಮೊರಿ ಕೇಳುವ ಮ್ಯಾಲಾಕ್‌ಗೆ ಸೊನ್ನೆ ಕೊಟ್ಟರೆ? ಅದಕ್ಕೂ ಇದೇ ಗತಿಯಾ?

ಹಳೇ_ಯುನಿಕ್ಸ್:
ಅದು ಇಷ್ಟು ಕೆಟ್ಟದ್ದಲ್ಲ. ನಲ್ ಬರಬಹುದು, ಅಥವಾ ಓದಲೂ ಬರೆಯಲೂ ಆಗದ ಆದರೆ ಫ್ರೀ ಮಾಡಬಹುದಾದ ಪಾಯಿಂಟರ್ ಬರಬಹುದು. ಎರಡನ್ನೂ ಫ್ರೀಗೆ ಕೊಡಬಹುದು, ಹಾಗಾಗಿ ಲೀಕೂ ಇಲ್ಲ, ಡಬಲ್ ಫ್ರೀಯೂ ಇಲ್ಲ. ತೊಂದರೆ ಬರುವುದು ಚೆಕ್ ಮಾಡುವಲ್ಲಿ. ಜಿಲಿಬ್‌ಸಿ ಪಾಯಿಂಟರ್ ಕೊಡುತ್ತದೆ, ಐಬಿಎಂನ ಯುನಿಕ್ಸ್ ಆದ ಎಐಎಕ್ಸ್ ನಲ್ ಕೊಡುತ್ತದೆ. ಖಾಲಿ ಫೈಲ್ ಓದುವ ಪ್ರೋಗ್ರಾಮ್ ಲಿನಕ್ಸ್‌ನಲ್ಲಿ ಸುಮ್ಮನೆ ಇರುತ್ತದೆ, ಎಐಎಕ್ಸ್‌ನಲ್ಲಿ "ಮೆಮೊರಿ ಮುಗಿದಿದೆ" ಅಂತ ಕೂಗುತ್ತದೆ. ಗಿಗಾಬೈಟ್‌ಗಟ್ಟಲೆ ಖಾಲಿ ಇದ್ದರೂ!

ಬಿಲ್ಡ್‌ಗೆ ಕಾನ್ಫಿಗರ್ ಸ್ಕ್ರಿಪ್ಟ್ ಮಾಡಿಕೊಡುವ ಆಟೋಕಾನ್ಫ್ ಬಳಸುವವರಿಗೆ "ಆರ್‌ಪಿಎಲ್ ಮ್ಯಾಲಾಕ್ ಸಿಗಲಿಲ್ಲ" ಅನ್ನುವ ಲಿಂಕರ್ ದೂರು ಗೊತ್ತಿರುತ್ತದೆ. ಅದರ ಬೇರೂ ಇಲ್ಲೇ ಇದೆ. ಸೊನ್ನೆಗೆ ಪಾಯಿಂಟರ್ ಬರುತ್ತದಾ ಅಂತ ಕಾನ್ಫಿಗರ್ ಪರೀಕ್ಷೆ ಮಾಡುತ್ತದೆ. ಕ್ರಾಸ್ ಕಂಪೈಲ್‌ನಲ್ಲಿ (ಬೇರೆ ಥರದ ಯಂತ್ರಕ್ಕೆ ಬಿಲ್ಡ್ ಮಾಡುವಾಗ) ಪ್ರೋಗ್ರಾಮ್ ಓಡಿಸಿ ನೋಡಲು ಆಗುವುದಿಲ್ಲ, ಊಹೆ ಮಾಡಬೇಕು. ಬರುವುದಿಲ್ಲ ಅಂತ ಊಹಿಸಿದರೆ ಮ್ಯಾಲಾಕ್ ಹೆಸರನ್ನೇ ಬದಲಿ ಹೆಸರಿಗೆ ತಿರುಗಿಸುತ್ತದೆ. ಆ ಬದಲಿ ಫಂಕ್ಷನ್ ನಿಮ್ಮ ಪ್ರಾಜೆಕ್ಟಿನಲ್ಲಿ ಇರುವುದಿಲ್ಲ.

ಬೋರ್ಡ್_ಬೆಳಗು:
ಓ, ಇದಾ ಕಾರಣ! ಆರ್ಮ್ ಬೋರ್ಡ್‌ಗೆ ಬಿಲ್ಡ್ ಮಾಡುವಾಗ ಯಾವಾಗಲೂ ಬರುತ್ತಿತ್ತು. ಎಲ್ಲರೂ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಹಾಕು ಅನ್ನುತ್ತಿದ್ದರು, ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಲಿನಕ್ಸ್ ಕರ್ನಲ್‌ನಲ್ಲಿ ಮೂರನೇ ದಾರಿ ಇದೆ, ನನಗೆ ಅದೇ ಇಷ್ಟ. ಅಲ್ಲಿನ ಮ್ಯಾಲಾಕ್ ಆದ ಕೆಮ್ಯಾಲಾಕ್‌ಗೆ ಸೊನ್ನೆ ಕೊಟ್ಟರೆ 16 ಅನ್ನುವ ವಿಳಾಸ ಕೊಡುತ್ತದೆ. ನಲ್ ಅಲ್ಲ, ಹಾಗಾಗಿ ಸೋಲು ಅಂತ ತಪ್ಪು ತಿಳಿಯುವುದಿಲ್ಲ. ಆದರೆ ಮುಟ್ಟಿದರೆ ತಕ್ಷಣ ಫಾಲ್ಟ್ ಆಗುತ್ತದೆ. ಕೆಫ್ರೀಗೆ ಕೊಟ್ಟರೆ ಸುಮ್ಮನೆ ಬಿಡುತ್ತದೆ.

ಬಿಟ್_ಬಿಡಾರ:
ಇಷ್ಟೆಲ್ಲ ಚೆಕ್ ಯಾಕೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಲಿನಕ್ಸ್‌ನಲ್ಲಿ ಮ್ಯಾಲಾಕ್ ಎಂದೂ ನಲ್ ಕೊಡುವುದಿಲ್ಲ. ಓವರ್‌ಕಮಿಟ್ ಇದೆ. ಮೊದಲು ಹೂಂ ಅನ್ನುತ್ತದೆ, ಬರೆಯಲು ಹೋದಾಗ ಪುಟ ಇಲ್ಲದಿದ್ದರೆ ಓಓಎಂ ಕಿಲ್ಲರ್ ಬಂದು ಯಾವುದೋ ಪ್ರೋಸೆಸ್ ಕೊಲ್ಲುತ್ತದೆ. ನಲ್ ಚೆಕ್ ಬರೆಯುವುದು ಬರೀ ಶಾಸ್ತ್ರ. ಬೇಕಾದರೆ 1 ಟೆರಾಬೈಟ್ ಕೇಳಿ ನೋಡಿ, ನನ್ನ ಮಷಿನ್‌ನಲ್ಲಿ ಇರುವುದು 16 ಗಿಗಾಬೈಟ್, ಆದರೂ "ಸಿಕ್ಕಿತು" ಅಂತ ಪ್ರಿಂಟ್ ಆಗುತ್ತದೆ.

ಕೀಲಿಮಣೆ_ಕಾವಲು:
@ಬಿಟ್_ಬಿಡಾರ ಕಂಪೈಲ್ ಮಾಡುವಾಗ ಆಪ್ಟಿಮೈಸೇಷನ್ ಹಾಕಿದ್ದಿರಾ? ಓ2?

ಬಿಟ್_ಬಿಡಾರ:
ಹೌದು, ಕ್ಲ್ಯಾಂಗ್ ಕಂಪೈಲರ್, ಓ2. ಯಾಕೆ?

ಕೀಲಿಮಣೆ_ಕಾವಲು:
ಹಾಗಾದರೆ ನೀವು ಮ್ಯಾಲಾಕ್ ಕರೆದೇ ಇಲ್ಲ. ಬಂದ ಮೆಮೊರಿಯನ್ನು ಎಲ್ಲೂ ಬಳಸದೆ ಬರೀ ನಲ್ ಜೊತೆ ಹೋಲಿಸಿದರೆ ಕ್ಲ್ಯಾಂಗ್ ಆ ಕರೆಯನ್ನೇ ತೆಗೆದು "ಗೆದ್ದಿತು" ಅಂತ ಮಾಡಿಬಿಡುತ್ತದೆ. ಆಪ್ಟಿಮೈಸೇಷನ್ ಇಲ್ಲದ ಓ0 ಹಾಕಿ ಓಡಿಸಿ. ಲಿನಕ್ಸ್‌ನ ಡೀಫಾಲ್ಟ್ ಓವರ್‌ಕಮಿಟ್ ಮೋಡ್‌ನಲ್ಲಿ ತೀರಾ ಅತಿಯಾದ ಬೇಡಿಕೆಯನ್ನು ಕರ್ನಲ್ ನಿರಾಕರಿಸುತ್ತದೆ. ಮೋಡ್ 1 ಇದ್ದರೆ ಮಾತ್ರ ಎಲ್ಲದಕ್ಕೂ ಹೂಂ ಅನ್ನುತ್ತದೆ. ಮೋಡ್ 2ರಲ್ಲಿ ಲೆಕ್ಕ ಹಾಕಿ ಕೊಡುತ್ತದೆ.

ಬಿಟ್_ಬಿಡಾರ:
ಓ0ನಲ್ಲಿ ನಲ್ ಬಂತು. ಸರಿ, ಇದು ನನಗೆ ಗೊತ್ತಿರಲಿಲ್ಲ. ಆದರೂ ಚಿಕ್ಕ ಚಿಕ್ಕ ಬೇಡಿಕೆಗಳಿಗೆ ನನ್ನ ಮಾತು ನಿಲ್ಲುತ್ತದೆ.

ಬೋರ್ಡ್_ಬೆಳಗು:
ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಬನ್ನಿ ಸ್ವಾಮಿ. ಬೆಂಗಳೂರಿನಲ್ಲಿ ಎಷ್ಟು ಜನ ಕಾರಿನ ಬ್ರೇಕಿಗೆ, ಮೀಟರಿಗೆ, ವೈದ್ಯಕೀಯ ಉಪಕರಣಕ್ಕೆ ಸಿ ಬರೆಯುತ್ತಿದ್ದಾರೆ! ಅಲ್ಲಿ ಓವರ್‌ಕಮಿಟ್ ಇಲ್ಲ, ವರ್ಚುವಲ್ ಮೆಮೊರಿಯೇ ಇಲ್ಲ. ಸುರಕ್ಷಿತ ಸಿ ಬರೆಯುವ ನಿಯಮಗಳ ಪಟ್ಟಿ ಮಿಸ್ರಾ ಸಿ 2012ರ ನಿಯಮ 21.3 ಮ್ಯಾಲಾಕ್, ಫ್ರೀ ಬಳಸಲೇಬೇಡಿ ಅನ್ನುತ್ತದೆ. ಇಂಥ ಬೋರ್ಡ್‌ಗಳ ಚಿಕ್ಕ ಓಎಸ್ ಆದ ಫ್ರೀಆರ್‌ಟಿಓಎಸ್‌ನಲ್ಲಿ ಹೀಪ್ 1 ಅನ್ನುವ ಆಯ್ಕೆಯಲ್ಲಿ ಕೊಟ್ಟ ಮೆಮೊರಿ ವಾಪಸ್ ಪಡೆಯಲು ಬಿಡುವುದೇ ಇಲ್ಲ. ಬೂಟ್ ಆಗುವಾಗ ಬೇಕಾದ್ದೆಲ್ಲ ತೆಗೆದುಕೊಳ್ಳಿ, ಆಮೇಲೆ ಮುಗಿಯಿತು. ಹೀಪ್ (ಮೆಮೊರಿ ಹಂಚುವ ಜಾಗ) ತುಂಡು ತುಂಡಾಗುವ ಭಯವೇ ಇಲ್ಲ.

ಬೋರ್ಡ್‌ಗಳ ಹೊರಗೂ ಒಂದು ಉದಾಹರಣೆ. ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್ ಲೈಬ್ರರಿಯ ಪರೀಕ್ಷೆಗಳಲ್ಲಿ ಮೊದಲ ಮ್ಯಾಲಾಕ್ ಸೋಲುವಂತೆ ಮಾಡಿ ಓಡಿಸುತ್ತಾರೆ. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು, ಹೀಗೆ ಒಂದೂ ಸೋಲದೆ ಮುಗಿಯುವವರೆಗೆ. ಅವರಿಗೆ ಅದು ಶಾಸ್ತ್ರ ಅಲ್ಲ.

ಮಲೆನಾಡ_ಕೋಡು:
ಗುಣಾಕಾರದ ಬಗ್ಗೆ ಯಾರೂ ಮಾತಾಡಲಿಲ್ಲ. ಎಣಿಕೆ ಹೊರಗಿನಿಂದ ಬರುತ್ತಿದ್ದರೆ ಅದು ಸೊನ್ನೆಗಿಂತ ಅಪಾಯ. 32 ಬಿಟ್‌ನಲ್ಲಿ 4 ಬೈಟ್‌ನ 1,07,37,41,825 ಅಂಶ ಕೇಳಿದರೆ ಗುಣಾಕಾರ ಸುತ್ತಿಕೊಂಡು ಉಳಿಯುವುದು 4 ಬೈಟ್. ಮ್ಯಾಲಾಕ್ ಖುಷಿಯಿಂದ 4 ಬೈಟ್ ಕೊಡುತ್ತದೆ. ನಿಮ್ಮ ಲೂಪ್ ನೂರು ಕೋಟಿ ಅಂಶ ಇದೆ ಅಂದುಕೊಂಡು ಬರೆಯುತ್ತಾ ಹೋಗುತ್ತದೆ. ಎಣಿಕೆ, ಸೈಜ್ ಬೇರೆ ಬೇರೆ ತೆಗೆದುಕೊಳ್ಳುವ ಕ್ಯಾಲಾಕ್ ಬಳಸಿದರೆ ಅದು ಒಳಗೇ ಚೆಕ್ ಮಾಡುತ್ತದೆ. ಬೆಳೆಸುವುದಕ್ಕೆ ರಿಯಲಾಕ್‌ಅರೇ ಇದೆ. ಓಪನ್‌ಬಿಎಸ್‌ಡಿಯಲ್ಲಿ 2014ರಲ್ಲಿ ಬಂತು, ಜಿಲಿಬ್‌ಸಿಗೆ 2017ರಲ್ಲಿ.

ಸಿ_ಕಲಿಯುತ್ತಿರುವೆ:
ನಮ್ಮ ಲ್ಯಾಬ್‌ನಲ್ಲಿ ಇನ್ನೂ ಹಳೇ ಕಂಪೈಲರ್ ಟರ್ಬೋ ಸಿ. ಅಲ್ಲಿ 200 ಸಾಲು 200 ಕಂಬದ ಮ್ಯಾಟ್ರಿಕ್ಸ್ ಮ್ಯಾಲಾಕ್ ಮಾಡಿದರೆ ವಿಚಿತ್ರ ಅಂಕಿಗಳು ಬರುತ್ತವೆ. ಅದೂ ಇದೇನಾ?

ಮಲೆನಾಡ_ಕೋಡು:
ಇದೇ. ಅಲ್ಲಿ ಇಂಟ್ 2 ಬೈಟ್, ಸೈಜ್ 16 ಬಿಟ್. ಬೇಕಾದ್ದು 80,000 ಬೈಟ್. 65,536 ಕಳೆದರೆ 14,464. ಅಷ್ಟೇ ಸಿಕ್ಕಿದೆ ನಿಮಗೆ. ಮನೆಯಲ್ಲಿ ಜಿಸಿಸಿ ಹಾಕಿಕೊಳ್ಳಿ, ಪರೀಕ್ಷೆಗೆ ಮಾತ್ರ ಟರ್ಬೋ ಇರಲಿ.

ಸಿ_ಕಲಿಯುತ್ತಿರುವೆ:
ಇನ್ನೊಂದು ಪ್ರಶ್ನೆ. ಮ್ಯಾಲಾಕ್ ಮುಂದೆ ಕಾಸ್ಟ್ (ಯಾವ ಬಗೆಯ ಪಾಯಿಂಟರ್ ಅಂತ ಬರೆಯುವುದು) ಹಾಕದಿದ್ದರೆ ಅಂಕ ಕಡಿಯುತ್ತಾರೆ. ಬೇಕಾ ಅದು?

ತುಂಗೆತೀರ:
ಸಿಯಲ್ಲಿ ಬೇಡ. ಸಿ ಪ್ಲಸ್ ಪ್ಲಸ್‌ನಲ್ಲಿ ಬೇಕು. ಅಂಕಕ್ಕಾಗಿ ಹಾಕಿ, ತೊಂದರೆ ಇಲ್ಲ. ಹಿಂದೆ ಹೆಡರ್ ಸೇರಿಸಲು ಮರೆತರೆ ಕಂಪೈಲರ್ ಮ್ಯಾಲಾಕ್ ಇಂಟ್ ಕೊಡುತ್ತದೆ ಅಂದುಕೊಂಡು 64 ಬಿಟ್ ವಿಳಾಸವನ್ನು 32ಕ್ಕೆ ಕತ್ತರಿಸುತ್ತಿತ್ತು, ಕಾಸ್ಟ್ ಆ ಎಚ್ಚರಿಕೆಯನ್ನು ಮುಚ್ಚುತ್ತಿತ್ತು. ಜಿಸಿಸಿ 14ರಿಂದ ಅದು ನೇರ ಎರರ್.

ಪದಪುಂಜ:
ನಾನು ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವನು, ಇಲ್ಲಿ ನನ್ನದೊಂದು ಸೇರಿಸುತ್ತೇನೆ. ಅಕ್ಷರ ಎಣಿಸಿ ಮ್ಯಾಲಾಕ್ ಮಾಡುವ ಕೋಡ್ ತುಂಬಾ ನೋಡಿದ್ದೇನೆ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೆ (ಯುನಿಕೋಡ್ ಸಂಖ್ಯೆ ಇರುವ ಒಂದೊಂದು ಚಿಹ್ನೆಗೆ) 3 ಬೈಟ್. "ಕನ್ನಡ" ಕಣ್ಣಿಗೆ ಮೂರು ಅಕ್ಷರ. ಒಳಗೆ ಒತ್ತಿನ ಹಲಂತವೂ ಸೇರಿ ಐದು ಕೋಡ್ ಪಾಯಿಂಟ್, 15 ಬೈಟ್, ಕೊನೆಯ ಸೊನ್ನೆ ಬೈಟ್ ಸೇರಿ 16. ಮೂರು ಮತ್ತು ಒಂದು ನಾಲ್ಕು ಅಂತ 4 ಬೈಟ್ ಕೇಳಿದರೂ 64 ಬಿಟ್ ಜಿಲಿಬ್‌ಸಿ ಕನಿಷ್ಠ 24 ಬೈಟ್ ಜಾಗ ಕೊಡುತ್ತದೆ. ಹಾಗಾಗಿ ಏನೂ ಗೊತ್ತಾಗುವುದಿಲ್ಲ. "ಕರ್ನಾಟಕ" 22 ಬೈಟ್, ಅದೂ ಹಿಡಿಯುತ್ತದೆ. "ಬೆಂಗಳೂರು" ಬಂದಾಗ ನೋಡಿ! ಎಂಟು ಕೋಡ್ ಪಾಯಿಂಟ್, 24 ಬೈಟ್, ಸೊನ್ನೆ ಸೇರಿ 25. ಆ ಒಂದು ಸೊನ್ನೆ ಪಕ್ಕದ ತುಂಡಿನ ಸೈಜ್ ಬರೆದಿರುವ ಜಾಗದ ಮೇಲೆ ಬೀಳುತ್ತದೆ. ಪ್ರೋಗ್ರಾಮ್ ಅಲ್ಲಿ ಸಾಯುವುದಿಲ್ಲ. ಆ ಪಕ್ಕದ ತುಂಡನ್ನು ಯಾರೋ ಫ್ರೀ ಮಾಡಿದಾಗ ಸಾಯುತ್ತದೆ, ಅದಕ್ಕೂ ಊರಿನ ಹೆಸರಿಗೂ ಯಾವ ಸಂಬಂಧವೂ ಇರುವುದಿಲ್ಲ. ಹುಡುಕುವವರು ಎಲ್ಲಿಂದ ಹುಡುಕಬೇಕು?

ಕೀಲಿಮಣೆ_ಕಾವಲು:
ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಆಯ್ಕೆ ಅಡ್ರೆಸ್ ಸ್ಯಾನಿಟೈಜರ್ ಹಾಕಿದ್ದರೆ "ಕನ್ನಡ"ದಲ್ಲೇ ಹಿಡಿಯುತ್ತಿತ್ತು. ಕೇಳಿದ 4 ಬೈಟ್ ದಾಟಿದ ಕೂಡಲೇ ನಿಲ್ಲಿಸುತ್ತದೆ. ಜಿಸಿಸಿಯಲ್ಲಿ 4.8ರಿಂದಲೇ ಇದೆ.

ಹೀಪ್_ಹುಡುಕಾಟ:
ಸಾಲು_ಸಂಖ್ಯೆ ಹೇಳಿದ ಹಾಗೆ ಬದಲಿಸಿದೆ, ಕ್ರ್ಯಾಶ್ ನಿಂತಿತು. ಈಗ ಇದೇ ಕೋಡಿನಲ್ಲಿ ಬೇರೆ ಕಡೆ ರಿಯಲಾಕ್‌ಗೆ ಸೊನ್ನೆ ಹೋಗುತ್ತಿದೆಯಾ ಅಂತ ಹುಡುಕುವುದು ಹೇಗೆ? ಕರೆಗಳು ತುಂಬಾ ಇವೆ.

ಸಾಲು_ಸಂಖ್ಯೆ:
ಪ್ರೋಗ್ರಾಮ್ ಓಡಿಸುತ್ತಲೇ ಮೆಮೊರಿ ತಪ್ಪು ಹುಡುಕುವ ವಾಲ್‌ಗ್ರಿಂಡ್ 3.21 ಅಥವಾ ಹೊಸದು ಹಾಕಿ. 2023ರಲ್ಲಿ ಬಂದ ಆ ಆವೃತ್ತಿಯಿಂದ ರಿಯಲಾಕ್‌ಗೆ ಸೊನ್ನೆ ಹೋದರೆ ತಾನೇ ಎಚ್ಚರಿಸುತ್ತದೆ. ಸೊನ್ನೆಗೆ ಫ್ರೀ ಮಾಡಬೇಕಾ ಬೇಡವಾ ಅಂತ ಆಯ್ಕೆಯೂ ಇದೆ, ಎರಡೂ ಥರ ಓಡಿಸಿ. ಜೊತೆಗೆ ನಿಮ್ಮದೇ ಒಂದು ಚಿಕ್ಕ ಫಂಕ್ಷನ್ ಮಾಡಿ, ಸೊನ್ನೆ ಮತ್ತು ಗುಣಾಕಾರ ಎರಡನ್ನೂ ಅದರೊಳಗೆ ನೋಡಿಕೊಳ್ಳಿ. ಉಳಿದ ಕಡೆ ನೇರ ರಿಯಲಾಕ್ ಕರೆ ಕಂಡರೆ ರಿವ್ಯೂನಲ್ಲಿ ಬಿಡಬೇಡಿ.

ತುಂಗೆತೀರ:
ರಿಯಲಾಕ್ ಆದ ಮೇಲೆ ಹಳೇ ಪಾಯಿಂಟರ್ ಇಟ್ಟುಕೊಂಡವರನ್ನೂ ಹುಡುಕಿ. ಅರೇ ಒಳಗಿನ ಒಂದು ಅಂಶಕ್ಕೆ ಯಾರಾದರೂ ವಿಳಾಸ ಹಿಡಿದಿದ್ದರೆ ಅದು ಹಳಸಿದೆ. ವಿಳಾಸ ಬದಲಾಗದೇ ಇದ್ದರೂ ಹಳೆಯದನ್ನು ಬಳಸುವ ಹಾಗಿಲ್ಲ. ಕಂಪೈಲರ್ ಎರಡನ್ನೂ ಬೇರೆ ಬೇರೆ ವಸ್ತು ಅಂದುಕೊಳ್ಳುತ್ತದೆ. ಒಂದರ ಮೂಲಕ 1, ಇನ್ನೊಂದರ ಮೂಲಕ 2 ಬರೆದು, ಎರಡೂ ಸಮ ಅಂತ ಚೆಕ್ ಮಾಡಿ ಪ್ರಿಂಟ್ ಮಾಡಿದರೆ ಕ್ಲ್ಯಾಂಗ್ "1 2" ಅಂತ ತೋರಿಸಿದ ಉದಾಹರಣೆಯೇ ಇದೆ. ವಿಳಾಸದ ಬದಲು ಇಂಡೆಕ್ಸ್ ಇಟ್ಟುಕೊಳ್ಳಿ.

ಸಿ_ಕಲಿಯುತ್ತಿರುವೆ:
@ಪದಪುಂಜ ಹಾಗಾದರೆ ಅಕ್ಷರಗಳನ್ನು ಎಣಿಸಿ ಮೂರರಿಂದ ಗುಣಿಸಿ ಒಂದು ಕೂಡಿಸಿದರೆ ಸಾಕಾ?

ಪದಪುಂಜ:
ಸಾಲದು. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಕೋಡ್ ಪಾಯಿಂಟ್, 18 ಬೈಟ್. "ಕೊ" ಇನ್ನೂ ಮಜವಾಗಿದೆ. ಒತ್ವವನ್ನು ಒಂದೇ ಕೋಡ್ ಪಾಯಿಂಟ್ ಆಗಿ ಬರೆದರೆ 6 ಬೈಟ್, ಎರಡಾಗಿ ಬಿಡಿಸಿ ಬರೆದರೆ 9. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಣ್ಣಿಂದ ಎಣಿಸುವುದನ್ನೇ ಬಿಡಿ. ಸ್ಟ್ರ್‌ಲೆನ್ ಫಂಕ್ಷನ್ ಬೈಟ್‌ಗಳನ್ನೇ ಎಣಿಸುತ್ತದೆ, ಅದಕ್ಕೆ ಒಂದು ಕೂಡಿಸಿ. ಅಥವಾ ಜಾಗ ತೆಗೆದು ನಕಲು ಮಾಡಿಕೊಡುವ ಸ್ಟ್ರ್‌ಡಪ್ ಬಳಸಿ, ಸಿ23ರಿಂದ ಅದು ಸ್ಟ್ಯಾಂಡರ್ಡ್‌ನಲ್ಲೇ ಇದೆ. ನಿಮ್ಮ ಟರ್ಬೋ ಸಿಯಲ್ಲೂ ಸಿಗುತ್ತದೆ. ಎಲ್ಲಿ ಬಳಸಿದರೂ ನಲ್ ಚೆಕ್ ಮಾಡಿ, ಕೆಲಸ ಮುಗಿದ ಮೇಲೆ ಫ್ರೀ ಮಾಡಿ.